ಪ್ರೀಹ್ ವಿಹಾರ್: ಒಬ್ಬ ಶಿವ, ಎರಡು ದೇಶ

ಕಾಂಬೋಡಿಯಾದ ಸಿಯೆಂ ರೀಪ್‌ಗೆ ಬಂದವರು ಸಾಮಾನ್ಯವಾಗಿ ಅಂಗ್ಕೋರ್ ವಾಟ್ ನೋಡಿಕೊಂಡು ಮರಳಿಬಿಡುತ್ತಾರೆ. ನಾವು ಬಾಡಿಗೆ ಕಾರು ಹಿಡಿದು ಥಾಯ್ಲೆಂಡ್ ಗಡಿಯ ಕಡೆಗೆ, ಎರಡೂ ದೇಶ ಜಗಳವಾಡಿದ ಪ್ರೀಹ್ ವಿಹಾರ್ ಎಂಬ ಶಿವನ ಗುಡಿಗೆ ಹೊರಟೆವು. ಇದು 2025ರಲ್ಲಿ ಈ ಎರಡು ದೇಶಗಳ ನಡುವೆ ನಡೆದ ಕಾಳಗಕ್ಕೆ ಮೊದಲಿನ ಮಾತು. ದಾರಿಯಲ್ಲಿ ಸಿಗುವ ಅನ್ಲಾಂಗ್ ವೆಂಗ್, ಎಪ್ಪತ್ತರ ದಶಕದಲ್ಲಿ ಕಾಂಬೋಡಿಯಾವನ್ನು ಆಳಿದ ಕ್ರೂರ ಕಮ್ಯುನಿಸ್ಟ್ ಪಡೆ ಖಮೇರ್ ರೂಜ್‌ನ ಕೊನೆಯ ನೆಲೆ. ಅದೂ ನೋಡುವಂಥದ್ದೇ, ಆದರೆ ನಮ್ಮ ಮನಸ್ಸೆಲ್ಲ ಬೆಟ್ಟದ ಮೇಲಿತ್ತು. ಬುಡದಲ್ಲಿ ಕಾರು ನಿಲ್ಲಿಸಿ, ಡಾಲರ್ ಕೊಟ್ಟು ಟಿಕೆಟ್ ತೆಗೆದುಕೊಂಡು ಪಿಕಪ್ ಹತ್ತಿದೆವು. ರಸ್ತೆ ಎಷ್ಟು ಕಡಿದಾಗಿತ್ತೆಂದರೆ ಹಿಂದೆ ಕೂತವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆವು.

ಡಾಂಗ್ರೆಕ್ ಬೆಟ್ಟಸಾಲಿನ ತುದಿಯಲ್ಲಿ, 525 ಮೀಟರ್ ಎತ್ತರದಲ್ಲಿ ಶಿಖರೇಶ್ವರನ ಗುಡಿ. ಹೆಚ್ಚಿನ ಭಾಗ 11 ಮತ್ತು 12ನೇ ಶತಮಾನದಲ್ಲಿ ಖಮೇರ್ ದೊರೆಗಳಾದ ಒಂದನೇ ಮತ್ತು ಎರಡನೇ ಸೂರ್ಯವರ್ಮರ ಕಾಲದ್ದು. ಸುಮಾರು 800 ಮೀಟರ್ ಉದ್ದಕ್ಕೆ ಮೆಟ್ಟಿಲು, ಕಲ್ಲುಹಾಸು, ಗೋಪುರ, ಮತ್ತೆ ಮೆಟ್ಟಿಲು. ಒಂದು ಗೋಪುರದ ಮೇಲೆ ಸಮುದ್ರಮಥನದ ಕೆತ್ತನೆ ಕಂಡಾಗ ನಮ್ಮ ಗುಂಪಿನ ಹಿರಿಯರೊಬ್ಬರು ಗೈಡ್‌ನ ಬಾಯಿ ಮುಚ್ಚಿಸಿ ತಾವೇ ಕಥೆ ಹೇಳತೊಡಗಿದರು. ಅದೇ ಗೋಡೆಯ ಪಕ್ಕದಲ್ಲಿ ಮರಳಿನ ಚೀಲಗಳ ಅಡ್ಡಗಟ್ಟೆ. ಚೀಲ ಹರಿದು ಮರಳು ಸೋರಿ ಹುಲ್ಲು ಬೆಳೆದಿತ್ತು. ಯೋಧನೊಬ್ಬ ಹ್ಯಾಮಕ್‌ನಲ್ಲಿ ಮಲಗಿ ಮೊಬೈಲ್ ನೋಡುತ್ತಿದ್ದ.

ಜಗಳದ ಬೇರು ಈ ಗುಡಿಯ ದಿಕ್ಕಿನಲ್ಲೇ ಇದೆ. ದೇವಾಲಯ ಉತ್ತರಾಭಿಮುಖ. ಹತ್ತಿ ಬರುವ ಸಲೀಸಾದ ಇಳಿಜಾರು ಥಾಯ್ಲೆಂಡ್ ಕಡೆಗೆ. ದಕ್ಷಿಣಕ್ಕೆ ಪ್ರಪಾತ, ಅದರ ಕೆಳಗೆ ಕಾಂಬೋಡಿಯಾದ ಬಯಲು. ಗರ್ಭಗುಡಿಯ ಹಿಂದಿನ ಗೋಡೆಯಲ್ಲಿ ಬಾಗಿಲೇ ಇಲ್ಲ; ಪಕ್ಕದಿಂದ ಬಳಸಿಕೊಂಡು ಹೋದರೆ ಮಾತ್ರ ಆ ಬಯಲು ಕಾಣುತ್ತದೆ. 1904ರಲ್ಲಿ ಸಯಾಮ್ (ಇಂದಿನ ಥಾಯ್ಲೆಂಡ್) ಮತ್ತು ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರಾನ್ಸ್, ನೀರು ಎರಡು ಕಡೆಗೆ ಹರಿಯುವ ಬೆಟ್ಟದ ನೆತ್ತಿಯೇ ಗಡಿ ಎಂದು ಒಪ್ಪಿದ್ದವು. ಫ್ರೆಂಚ್ ಅಧಿಕಾರಿಗಳು 1907ರಲ್ಲಿ ಬರೆದ ನಕ್ಷೆಯಲ್ಲಿ ಮಾತ್ರ ಗುಡಿ ಕಾಂಬೋಡಿಯಾಕ್ಕೆ ಸೇರಿತು. ಸಯಾಮ್ ತಕರಾರು ಎತ್ತಲಿಲ್ಲ.

ಆ ಮೌನದ ಬೆಲೆ ಗೊತ್ತಾದದ್ದು ಅರ್ಧ ಶತಮಾನದ ಮೇಲೆ. 1930ರಲ್ಲಿ ಸಯಾಮ್‌ನ ರಾಜಕುಮಾರ ಡಾಮ್ರೊಂಗ್ ಇಲ್ಲಿಗೆ ಬಂದಿದ್ದ. ಆತ ಸಾಮಾನ್ಯನಲ್ಲ, ತನ್ನ ದೇಶದ ಇತಿಹಾಸ ಬರೆದ ವಿದ್ವಾಂಸ. ಇಲ್ಲಿ ಅವನನ್ನು ಸ್ವಾಗತಿಸಿದ್ದು ಅಧಿಕೃತ ಸಮವಸ್ತ್ರ ತೊಟ್ಟ ಫ್ರೆಂಚ್ ಅಧಿಕಾರಿ. ಮೇಲೆ ಫ್ರಾನ್ಸಿನ ಬಾವುಟ. ರಾಜಕುಮಾರ ಆಕ್ಷೇಪಿಸುವುದಿರಲಿ, ಊರಿಗೆ ಹೋಗಿ ಫೋಟೋಗಳ ಜೊತೆ ಕೃತಜ್ಞತೆಯ ಪತ್ರವನ್ನೂ ಕಳಿಸಿದ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1962ರ ಜೂನ್ 15ರಂದು 9–3 ಮತಗಳಿಂದ ಗುಡಿ ಕಾಂಬೋಡಿಯಾದ್ದೆಂದು ತೀರ್ಪು ಕೊಟ್ಟಾಗ ಈ ಭೇಟಿಯನ್ನೂ ಲೆಕ್ಕಕ್ಕೆ ಹಿಡಿಯಿತು. ಅತಿಥಿಯ ಸೌಜನ್ಯವೇ ಸಾಕ್ಷಿಯಾಗಿ ನಿಂತ ಇಂಥ ಮೊಕದ್ದಮೆ ನನಗಂತೂ ಬೇರೆ ಗೊತ್ತಿಲ್ಲ.

ಅಲ್ಲಿಯವರೆಗೆ ಗುಡಿಯಲ್ಲಿ ಬೀಡುಬಿಟ್ಟಿದ್ದ ಥಾಯ್ ಸೈನಿಕರು ತೀರ್ಪಿನ ಮೇಲೆ ಅದನ್ನು ಬಿಟ್ಟುಹೋದ ಪರಿಯೂ ಸ್ವಾರಸ್ಯದ್ದೇ. ಬಾವುಟ ಇಳಿಸಲು ಮನಸ್ಸಾಗದೆ, ಹಾರುತ್ತಿದ್ದ ಬಾವುಟದ ಸಮೇತ ಕಂಬವನ್ನೇ ಕಿತ್ತು ಹೊತ್ತೊಯ್ದು ಹತ್ತಿರದ ಮೋ ಈ ಡೇಂಗ್ ಬಂಡೆಯ ಮೇಲೆ ನೆಟ್ಟರು. 1963ರ ಜನವರಿಯಲ್ಲಿ ಕಾಂಬೋಡಿಯಾದ ಆಡಳಿತಗಾರ ಸಿಹಾನೂಕ್ ಪ್ರಪಾತದ ಕಡೆಯಿಂದಲೇ ಹತ್ತಿ ಬಂದು, ಥಾಯ್ ಜನ ವೀಸಾ ಇಲ್ಲದೆಯೇ ಗುಡಿಗೆ ಬರಬಹುದೆಂದು ಸಾರಿದ. ಆ ಔದಾರ್ಯ ಬಾಳಲಿಲ್ಲ. 1979ರಲ್ಲಿ ಥಾಯ್ ಸೇನೆ ಸಾವಿರಾರು ಕಾಂಬೋಡಿಯನ್ ನಿರಾಶ್ರಿತರನ್ನು ಇದೇ ಪ್ರಪಾತದಿಂದ ನೆಲಬಾಂಬುಗಳಿದ್ದ ಕಾಡಿಗೆ ಬಲವಂತವಾಗಿ ಇಳಿಸಿತು. ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುತ್ತಿದ್ದವರಿಗೆ ಗೈಡ್ ಇದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ನನಗನ್ನಿಸುವುದು ಇಷ್ಟು: ಇಲ್ಲಿ ಗುಂಡು ಹಾರುವುದಕ್ಕೆ ನಕ್ಷೆಯೊಂದೇ ಕಾರಣವಲ್ಲ, ರಾಜಧಾನಿಗಳ ಕುರ್ಚಿಗಳೂ ಅಲುಗಾಡಬೇಕು. 2008ರಲ್ಲಿ ಗುಡಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಬ್ಯಾಂಕಾಕ್‌ನ ಬೀದಿಗಳಲ್ಲಿ ಆಗಲೇ ಸರ್ಕಾರ ಉರುಳಿಸುವ ಚಳವಳಿ ನಡೆದಿತ್ತು. ಗುಡಿ ಅದಕ್ಕೆ ಒದಗಿಬಂದ ಆಯುಧವಾಯಿತು. ವಿದೇಶಾಂಗ ಸಚಿವರೇ ರಾಜೀನಾಮೆ ಕೊಡಬೇಕಾಯಿತು. 2011ರ ತನಕ ಆಗಾಗ ಕಾಳಗ. ಗುಡಿ ನಿಂತಿರುವ ಬೆಟ್ಟದ ಚಾಚು ಪೂರ್ತಿ ಕಾಂಬೋಡಿಯಾದ್ದೆಂದು 2013ರಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು.

2025ರಲ್ಲಿ ಮತ್ತದೇ ಕಥೆ. ಮೇ 28ರಂದು ಗಡಿಯಲ್ಲಿ ಕಾಂಬೋಡಿಯಾದ ಯೋಧನೊಬ್ಬ ಸತ್ತ. ಜೂನ್‌ನಲ್ಲಿ ಥಾಯ್ ಪ್ರಧಾನಿ ಪೇತೊಂಗ್ತಾರ್ನ್ ಶಿನವತ್ರ, ಕಾಂಬೋಡಿಯಾದ ಮಾಜಿ ಪ್ರಧಾನಿ ಹುನ್ ಸೇನ್ ಜೊತೆ ಫೋನಿನಲ್ಲಿ ಆಡಿದ ಮಾತು ಸೋರಿಕೆಯಾಗಿ, ಆಗಸ್ಟ್ ಹೊತ್ತಿಗೆ ಆಕೆಯ ಅಧಿಕಾರವೇ ಹೋಯಿತು. ನಡುವೆ ಜುಲೈ 24ರಿಂದ ಐದು ದಿನ ಫಿರಂಗಿ, ರಾಕೆಟ್, ಥಾಯ್ ಯುದ್ಧವಿಮಾನ. ಮಲೇಷ್ಯಾ ಮಧ್ಯೆ ಬಂದು ಕದನವಿರಾಮ ಮಾಡಿಸಿದರೂ ಡಿಸೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡಿತು. ಗುಡಿಗೆ ಧಕ್ಕೆಯಾಗಿದೆಯೆಂದು ಕಾಂಬೋಡಿಯಾ ದೂರಿತು. ಇದರ ಸಂರಕ್ಷಣೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮಿತಿಗೆ ಭಾರತ ಮತ್ತು ಚೀನಾ ಜಂಟಿ ಅಧ್ಯಕ್ಷರು. ತಮ್ಮ ಗಡಿಯ ಗೆರೆಯನ್ನೇ ಇತ್ಯರ್ಥ ಮಾಡಿಕೊಳ್ಳಲಾಗದ ಇಬ್ಬರಿಗೆ ಈ ಹೊಣೆ!

ಆ ಬಾವುಟದ ಕಂಬವನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ನನಗಿತ್ತು. ಗೈಡ್ ಉತ್ತರದ ಮೆಟ್ಟಿಲುಗಳ ಕೆಳಗೆ ಕೈತೋರಿಸಿ, "ಮೊದಲೆಲ್ಲ ಪ್ರವಾಸಿಗರು ಅಲ್ಲಿಂದಲೇ ನಡೆದು ಬರುತ್ತಿದ್ದರು ಸರ್, ಈಗ ಮುಚ್ಚಿದ್ದಾರೆ" ಎಂದ. ಅಲ್ಲಿಗೆ ಹೋಗಬೇಕಾದರೆ ಬೆಟ್ಟ ಇಳಿದು, ದೂರದ ಇನ್ನೊಂದು ಗಡಿಠಾಣೆ ದಾಟಿ, ಥಾಯ್ಲೆಂಡಿನೊಳಗೆ ಸುತ್ತಿಕೊಂಡು ಬರಬೇಕಿತ್ತು. 2025ರ ಜುಲೈನಲ್ಲಿ ಆ ಠಾಣೆಗಳಿಗೂ ಬೀಗ ಬಿತ್ತು.