ಹಾಜರಿ ಪುಸ್ತಕದಲ್ಲಿ ಎಂಟು ಜನ, ಕೋಣೆಯಲ್ಲಿ ಒಬ್ಬಳು

ನಮ್ಮ ಡೇ ಕೇರ್‌ನ ಆ ದಿನದ ಹಾಜರಿ ಪುಟ ಈಗಲೂ ನನಗೆ ಬಾಯಿಪಾಠ. ಮಕ್ಕಳು 42, ಸಿಬ್ಬಂದಿ 8. ಇಷ್ಟು ಮಕ್ಕಳಿಗೆ ಇಷ್ಟು ಜನ ಇರಬೇಕೆಂಬ ಪರವಾನಗಿಯ ಷರತ್ತಿಗೆ ಒಂದಿಷ್ಟೂ ಕೊರತೆಯಿರಲಿಲ್ಲ. ತಪಾಸಣೆಯ ಅಧಿಕಾರಿ ಆ ಹೊತ್ತಿಗೆ ಬಂದಿದ್ದರೂ ಪುಟ ತಿರುವಿ, ಸಹಿ ಹಾಕಿ ಹೋಗುತ್ತಿದ್ದರು.

ಆಗ ನಾನು ಎರಡು ವರ್ಷದ ಮಕ್ಕಳ ಗುಂಪಿನಲ್ಲಿದ್ದೆ. ಮಕ್ಕಳು ಹನ್ನೊಂದು, ನೋಡಿಕೊಳ್ಳುವವರು ಇಬ್ಬರು. ಅಂಗಳದ ಆಟ ಮುಗಿಸಿ ಒಳಗೆ ಕರೆತರುವ ಹೊತ್ತಿಗೆ ಒಂದು ಮಗು ಬಟ್ಟೆ ಒದ್ದೆ ಮಾಡಿಕೊಂಡಿತು. ನನ್ನ ಜೊತೆಯವಳು ಅದನ್ನೆತ್ತಿಕೊಂಡು ಬಚ್ಚಲ ಕಡೆ ಹೋದಳು. ಉಳಿದ ಮಕ್ಕಳನ್ನು ನಾನೊಬ್ಬಳೇ ಸಾಲಾಗಿ ಒಳಗೆ ಕರೆದುಕೊಂಡು ಬಂದೆ. ಬಾಗಿಲ ಬಳಿ ಒಬ್ಬಳು ಬಿದ್ದು ಅಳತೊಡಗಿದಳು, ಇನ್ನೊಬ್ಬ ನನ್ನ ಸೆರಗು ಹಿಡಿದು ಎಳೆಯುತ್ತಿದ್ದ. ಹತ್ತು ಮಕ್ಕಳು ಬಂದಿದ್ದಾರೆಂದು ಅಂದುಕೊಂಡೆ. ಎಣಿಸಲಿಲ್ಲ, ಬರೀ ಅಂದುಕೊಂಡೆ.

ಜಾರುಬಂಡೆಯ ಹಿಂದೆ ಒಬ್ಬ ಉಳಿದಿದ್ದ. ನೆಲ ಒರೆಸುವ ಅಕ್ಕ ಕಿಟಕಿಯಿಂದ ಅವನನ್ನು ಕಂಡು ಕೂಗಿದಾಗ ನಾಲ್ಕು ನಿಮಿಷ ಕಳೆದಿತ್ತು. ಆಟಿಕೆ ತೊಳೆಯಲು ಇಟ್ಟಿದ್ದ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಲೆಗಳನ್ನು ಒಂದೊಂದಾಗಿ ನೀರಿನಲ್ಲಿ ಮುಳುಗಿಸುತ್ತಿದ್ದ. ತೋಳುಗಳು ಮೊಣಕೈಯವರೆಗೆ ಒದ್ದೆಯಾಗಿದ್ದವು. ಬಕೆಟ್ಟಿನಲ್ಲಿ ಒಂದು ಗೇಣು ನೀರಿತ್ತು. ಆ ವಯಸ್ಸಿನ ಮಗುವಿಗೆ ತಲೆಯೇ ಭಾರ. ಬಗ್ಗಿ ಮುಗ್ಗರಿಸಿ ಬಿದ್ದರೆ ಎದ್ದುಬರಲು ಕೈಗಳಿಗೆ ಶಕ್ತಿ ಸಾಲುವುದಿಲ್ಲ, ಮುಖ ನೀರೊಳಗಿದ್ದರೆ ಕೂಗು ಹೊರಬರುವುದಿಲ್ಲ. ಅವನಿಗೆ ಏನೂ ಆಗಲಿಲ್ಲ. ಸಂಜೆ ತಾಯಿ ಬಂದಾಗ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಆಕೆ ಒಂದು ಮಾತೂ ಆಡದೆ ಮಗನ ತೋಳು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ತಪ್ಪು ನನ್ನದು, ಎಣಿಸಬೇಕಿತ್ತು. ಆದರೆ ಆ ರಾತ್ರಿ ಕೂತು ಎಂಟೂ ಜನ ಆ ಹೊತ್ತಿನಲ್ಲಿ ಎಲ್ಲೆಲ್ಲಿದ್ದರೆಂದು ಬರೆದುನೋಡಿದೆ. ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಕಚೇರಿಯ ಫೋನಿನಲ್ಲಿ, ಒಬ್ಬರು ಊಟಕ್ಕೆ, ಒಬ್ಬರು ಜ್ವರ ಬಂದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ, ನನ್ನ ಜೊತೆಯವಳು ಬಚ್ಚಲಲ್ಲಿ. ಉಳಿದ ಮಕ್ಕಳ ಮೇಲೆ ಕಣ್ಣಿಟ್ಟಿದ್ದವರು ಮೂವರು. ಯಾರೂ ಕೆಲಸಗಳ್ಳತನ ಮಾಡಿರಲಿಲ್ಲ. ಎಲ್ಲರೂ ಮಾಡಲೇಬೇಕಾದ ಕೆಲಸವನ್ನೇ ಮಾಡುತ್ತಿದ್ದರು.

ಎಷ್ಟು ಮಕ್ಕಳಿಗೆ ಎಷ್ಟು ಜನ ಬೇಕೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಎರಡು ವರ್ಷದವರಿಗೆ ನಾಲ್ಕಕ್ಕೆ ಒಬ್ಬರಿದ್ದದ್ದನ್ನು 2023ರ ಸೆಪ್ಟೆಂಬರಿನಿಂದ ಐದಕ್ಕೆ ಸಡಿಲಿಸಿದರು. ಜಪಾನಿನಲ್ಲಿ ಒಂದು ವರ್ಷದೊಳಗಿನ ಕೂಸುಗಳಿಗೆ ಮೂರಕ್ಕೆ ಒಬ್ಬರು, ಆದರೆ ನಾಲ್ಕೈದು ವರ್ಷದ ಮಕ್ಕಳಿಗೆ 1948ರಿಂದ ಮೂವತ್ತಕ್ಕೆ ಒಬ್ಬರೆಂದೇ ಇತ್ತು. ಅದನ್ನು ಇಪ್ಪತ್ತೈದಕ್ಕೆ ಇಳಿಸಲು 2024 ಬರಬೇಕಾಯಿತು. ಈ ಸಂಖ್ಯೆಗಳಿಗಾಗಿ ಹೋರಾಡಬೇಕು ನಿಜ. ಆದರೆ ಅವು ಕಾಗದದ ಮೇಲಿನ ಗರಿಷ್ಠ ಮಿತಿ ಮಾತ್ರ. ಅಷ್ಟು ಮಕ್ಕಳನ್ನು ತುಂಬಿಸಿಕೊಳ್ಳಲೇಬೇಕೆಂದು ಯಾರೂ ಹೇಳಿಲ್ಲ. ಎಷ್ಟೋ ಕೇಂದ್ರಗಳು ಅದನ್ನೇ ಗುರಿಯೆಂದು ಓದಿಕೊಳ್ಳುತ್ತವೆ.

ಕೂಸುಗಳ ಕೋಣೆಗೆ ಮೂರೋ ನಾಲ್ಕೋ ಯಾಕೆಂದು ಯಾರಾದರೂ ಕೇಳಿದರೆ ಡಯಾಪರ್ ಲೆಕ್ಕ ಹೇಳುತ್ತೇನೆ. ಒಂದು ಬದಲಾವಣೆಗೆ ಕೈ ತೊಳೆಯುವುದು, ಹಾಸು ಒರೆಸುವುದು ಸೇರಿ ಐದು ನಿಮಿಷ. ಒಂದು ಕೂಸಿಗೆ ದಿನಕ್ಕೆ ಐದು ಸಲ. ನಾಲ್ಕು ಕೂಸುಗಳಿದ್ದರೆ ನೂರು ನಿಮಿಷ. ಬದಲಾಯಿಸುವಾಗ ಒಂದು ಕೈ ಸದಾ ಮಗುವಿನ ಮೈಮೇಲಿರಬೇಕು, ಇಲ್ಲದಿದ್ದರೆ ಮಗು ಮಗುಚಿ ಬೀಳುತ್ತದೆ. ಅಂದರೆ ಆ ನೂರು ನಿಮಿಷವೂ ಉಳಿದ ಮೂರು ಮಕ್ಕಳಿಗೆ ನಮ್ಮ ಬೆನ್ನೇ ಕಾಣುವುದು. ಇನ್ನು ಬೆಂಕಿಯ ಮಾತು. ನಡೆಯಲು ಬಾರದ ಎಷ್ಟು ಕೂಸುಗಳನ್ನು ಎತ್ತಿಕೊಂಡು ಒಬ್ಬಳು ಮೆಟ್ಟಿಲಿಳಿದು ಓಡಬಲ್ಲಳು? ಎರಡು. ಅಣಕು ಕವಾಯತಿನಲ್ಲಿ ಮೂರನೆಯದನ್ನು ಎತ್ತಿಕೊಳ್ಳಲು ಹೋದ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.

ಮಕ್ಕಳು ಮಲಗುವ ಹೊತ್ತು ನನ್ನ ಅನುಭವದಲ್ಲಿ ಅತ್ಯಂತ ಮೋಸದ ಹೊತ್ತು. ಕೋಣೆ ಶಾಂತವಾಗಿರುತ್ತದೆ, ಎಲ್ಲರ ಊಟದ ವಿರಾಮವನ್ನೂ ಅದೇ ಹೊತ್ತಿಗೆ ಇಡುತ್ತಾರೆ. ಆದರೆ ಕೂಸುಗಳಿಗೆ ನಿದ್ದೆಯಲ್ಲೇ ಹೆಚ್ಚು ಅಪಾಯ. ಅಂಗಾತ ಮಲಗಿಸಬೇಕು, ದಿಂಬು, ಮೆತ್ತನೆಯ ಗೊಂಬೆ, ಸಡಿಲ ಹೊದಿಕೆ ಇರಕೂಡದು ಎಂಬುದೆಲ್ಲ ಗೋಡೆಯ ಮೇಲೆ ಬರೆದಿರುತ್ತದೆ. ಎದೆ ಏರಿಳಿಯುತ್ತಿದೆಯೇ ಎಂದು ತೊಟ್ಟಿಲ ಹತ್ತಿರ ಹೋಗಿ ಬಗ್ಗಿ ನೋಡುವುದು ಮಾತ್ರ ಮನುಷ್ಯರಿಂದಲೇ ಆಗಬೇಕು. ಮೇಲ್ವಿಚಾರಕಿಯಾದ ಮೇಲೆ ನಾನು ಮೊದಲು ಬದಲಿಸಿದ್ದು ಇದನ್ನೇ. ಈಗ ವಿರಾಮಗಳನ್ನು ಹಂಚಿದ್ದೇವೆ. ಹತ್ತು ನಿಮಿಷಕ್ಕೊಮ್ಮೆ ನೋಡಿದವರು ಹೊತ್ತು ಬರೆದು ಸಹಿ ಹಾಕುತ್ತಾರೆ.

ದಿನದ ಕೊನೆಯ ಗಂಟೆಯೂ ಹೀಗೆಯೇ. ಮಕ್ಕಳು ಕಡಿಮೆಯಾದರೆಂದು ಎಲ್ಲ ವಯಸ್ಸಿನವರನ್ನೂ ಒಂದೇ ಕೋಣೆಗೆ ಸೇರಿಸುತ್ತಾರೆ. ತಲೆಯೆಣಿಕೆ ಸರಿಹೋಗುತ್ತದೆ. ಆದರೆ ಐದು ವರ್ಷದವರ ಮಣಿಗಳು, ಚಕ್ರಗಳು ಹರಡಿದ ನೆಲಕ್ಕೆ ಅಂಬೆಗಾಲಿಡುವ ಕೂಸು ಬಂದಿರುತ್ತದೆ. ಆಟಿಕೆಯ ಚೂರು ಗಂಟಲಲ್ಲಿ ಸಿಕ್ಕಬಹುದೇ ಎಂದು ನೋಡಲು 31.7 ಮಿಲಿಮೀಟರ್ ಅಗಲದ ಕೊಳವೆಯೊಂದು ಸಿಗುತ್ತದೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದೊಳಗಿನವರ ಕೈಗೆ ಸಿಗಕೂಡದು. ಅಂಥದೊಂದನ್ನು ತರಿಸಿಟ್ಟಿದ್ದೇನೆ, ಸಂಜೆ ಕೋಣೆ ಸೇರಿಸುವ ಮೊದಲು ನೆಲ ನೋಡುವುದು ಒಬ್ಬರ ಹೊಣೆ.

ಗುಂಪಿನ ಗಾತ್ರದ ಬಗ್ಗೆ ಒಂದು ಮಾತು. ಎಂಟು ಮಕ್ಕಳಿಗೆ ಒಬ್ಬರು, ಇಪ್ಪತ್ತನಾಲ್ಕು ಮಕ್ಕಳಿಗೆ ಮೂವರು, ಎರಡೂ ಒಂದೇ ಎಂದು ಮಾಲೀಕರು ವಾದಿಸುತ್ತಾರೆ. ಒಂದಲ್ಲ. 1970ರ ದಶಕದಲ್ಲಿ ಅಮೆರಿಕದ ಡೇ ಕೇರ್‌ಗಳ ಮೇಲೆ ನಡೆದ ರಾಷ್ಟ್ರೀಯ ಅಧ್ಯಯನವೂ ಗುಂಪು ಚಿಕ್ಕದಾಗಿರುವುದು ಮಕ್ಕಳಿಗೆ ಒಳ್ಳೆಯದೆಂದೇ ಕಂಡುಕೊಂಡಿತು. ದೊಡ್ಡ ಗುಂಪಿನಲ್ಲಿ ಮೂವರಲ್ಲಿ ಪ್ರತಿಯೊಬ್ಬರೂ ಉಳಿದಿಬ್ಬರು ನೋಡುತ್ತಿದ್ದಾರೆಂದು ನಂಬಿಕೊಂಡಿರುತ್ತಾರೆ.

ಈಗ ನಮ್ಮಲ್ಲಿ ಒಬ್ಬರನ್ನು ಯಾವ ಕೋಣೆಗೂ ಹಾಕದೆ ಬಿಟ್ಟಿದ್ದೇವೆ. ಯಾರು ಬಚ್ಚಲಿಗೆ ಹೋದರೂ, ಫೋನು ಬಂದರೂ ಅವರು ಆ ಜಾಗಕ್ಕೆ ಬಂದು ನಿಲ್ಲುತ್ತಾರೆ. ಈ ಹೆಚ್ಚುವರಿ ಸಂಬಳಕ್ಕೆ ಮಾಲೀಕರನ್ನು ಒಪ್ಪಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಪ್ರತಿ ಕೋಣೆಯ ಬಾಗಿಲಿಗೆ ಒಂದು ಹಲಗೆ ನೇತುಹಾಕಿದ್ದೇವೆ. ಈ ಗಳಿಗೆ ಒಳಗೆ ಎಷ್ಟು ಮಕ್ಕಳು, ಎಷ್ಟು ದೊಡ್ಡವರು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ, ಪೋಷಕರೂ ಓದಬಹುದು. ಅಂಗಳದಿಂದ ಹೊರಡುವ ಮುನ್ನ ಒಮ್ಮೆ, ಒಳಗೆ ಬಂದ ಮೇಲೆ ಒಮ್ಮೆ, ಹೆಸರು ಕೂಗಿ ಮುಖ ನೋಡಿ ಎಣಿಸುತ್ತೇವೆ. ಬಕೆಟ್ಟುಗಳನ್ನು ಕೆಲಸವಾದ ತಕ್ಷಣ ಬೋರಲು ಹಾಕುತ್ತೇವೆ.

ಹೋದ ವಾರ ಬೆಳಿಗ್ಗೆ ಒಬ್ಬರು ತಡವಾಗಿ ಬಂದರು. ಕೂಸುಗಳ ಕೋಣೆಯಲ್ಲಿ ಕೆಲಸಕ್ಕೆ ಸೇರಿ ತಿಂಗಳಾದ ಹುಡುಗಿಯೊಬ್ಬಳೇ ಇದ್ದಳು, ಹಲಗೆಯ ಮೇಲೆ ಮೂರು ಮತ್ತು ಒಂದು. ನಾಲ್ಕನೆಯ ಕೂಸನ್ನು ಎತ್ತಿಕೊಂಡು ತಂದೆಯೊಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಚೇರಿಗೆ ಹೊತ್ತಾಗುತ್ತಿತ್ತು. "ಸರ್, ಇನ್ನೊಬ್ಬರು ಬರುವವರೆಗೆ ನಾನು ಮಗುವನ್ನು ತೆಗೆದುಕೊಳ್ಳುವುದಿಲ್ಲ" ಎಂದಳು. ಧ್ವನಿ ನಡುಗುತ್ತಿತ್ತು. ಅವರು ನನ್ನ ಕಡೆ ತಿರುಗಿ ರೇಗಿದರು. ನಾನು ಕ್ಷಮೆ ಕೇಳಿ, ಕುರ್ಚಿ ತಂದು ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದೆ. ಹುಡುಗಿ ಹಲಗೆಯ ಮೇಲಿನ ಒಂದನ್ನು ಅಳಿಸಿ ಎರಡೆಂದು ಬರೆದು, ಆಮೇಲೆ ಮಗುವಿಗೆ ಕೈ ಚಾಚಿದಳು.