ಬೋರ್ಡ್ ಮುಚ್ಚುವ ಮೊದಲೇ ಡಕ್ಟ್ ನೋಡಿ

ಸೀಲಿಂಗ್ ಸ್ಪೀಕರ್ ಹಾಕಿದ ಮನೆಗಳಿಂದ ಜಾಸ್ತಿ ಬರುವ ದೂರು ಇದು: "ಸ್ಪೀಕರ್ ಹರಿದುಹೋಗಿದೆ ಅನ್ಸುತ್ತೆ ಸರ್, ಬೇಸ್ ಬಂದ್ರೆ ಗರ್ ಅನ್ನುತ್ತೆ." ಬಿಚ್ಚಿ ನೋಡಿದರೆ ಎಷ್ಟೋ ಸಲ ಸ್ಪೀಕರ್ ಚೆನ್ನಾಗೇ ಇರುತ್ತದೆ. ಅದುರುತ್ತಿರುವುದು ಮೇಲಿನ ಎಸಿ ಡಕ್ಟ್, ಇಲ್ಲವೇ ಅದಕ್ಕೆ ತಾಗಿಕೊಂಡಿರುವ ಇನ್ನೇನೋ.

ಡಕ್ಟ್ ಅಂದರೆ ಎಸಿಯ ಗಾಳಿ ಸಾಗಿಸುವ ಕೊಳವೆ, ತೆಳ್ಳನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟಿನದು. ಅಗಲ ಜಾಸ್ತಿ ಇದ್ದಷ್ಟೂ ತಮಟೆಯ ಹಾಗೆ ಅದುರುತ್ತದೆ. ಬೆಂಗಳೂರಿನ ಒಂದು ಫ್ಲ್ಯಾಟ್‌ನಲ್ಲಿ ಸ್ಪೀಕರ್‌ಗೂ ಡಕ್ಟ್‌ಗೂ ಒಂದು ಗೇಣು ಜಾಗ ಇತ್ತು. ಆದರೂ ಗರ್ ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು: ಸ್ಲ್ಯಾಬ್‌ಗೆ ಇನ್ನೊಂದು ತೂತು ಹೊಡೆಯುವ ಬದಲು ಸೀಲಿಂಗ್‌ನ ಚಾನೆಲ್ಲನ್ನು (ಬೋರ್ಡ್ ಹಿಡಿದಿರುವ ಲೋಹದ ಪಟ್ಟಿ) ಡಕ್ಟ್ ತೂಗುಹಾಕಿದ ರಾಡ್‌ಗೇ ಕಟ್ಟಿದ್ದರು. ಸ್ಪೀಕರ್ ಜಿಪ್ಸಮ್ ಬೋರ್ಡನ್ನು ಅದುರಿಸುತ್ತದೆ, ಬೋರ್ಡ್ ಚಾನೆಲ್ಲನ್ನು, ಚಾನೆಲ್ ರಾಡನ್ನು, ರಾಡ್ ಡಕ್ಟನ್ನು. ಆ ಕಟ್ಟು ಬಿಚ್ಚಿಸಿ, ಚಾನೆಲ್‌ಗೆ ಸ್ಲ್ಯಾಬ್‌ನಿಂದಲೇ ಬೇರೆ ಆಧಾರ ಕೊಡಿಸಿದೆವು. ಸದ್ದು ಅಲ್ಲಿಗೇ ನಿಂತಿತು.

ಅದಕ್ಕೇ ಹೇಳುವುದು, ಬೋರ್ಡ್ ಮುಚ್ಚುವ ಮೊದಲೇ ಹೋಗಿ ನೋಡಿ. ಸೀಲಿಂಗ್‌ನ ಯಾವ ಲೋಹವೂ ಡಕ್ಟ್‌ಗೆ ತಾಗಿರಬಾರದು. ಜಾಗವೇ ಇಲ್ಲದ ಕಡೆ ನಡುವೆ ನೈಟ್ರೈಲ್ ರಬ್ಬರ್ ಶೀಟ್ ಇಡಿಸಿ. ಸ್ಪೀಕರ್ ವೈರನ್ನೂ ಸುಮ್ನೆ ಬಿಡಬೇಡಿ. ಸಡಿಲವಾಗಿ ಬಿದ್ದ ವೈರ್ ಬೋರ್ಡ್ ಮೇಲೆ ಕುಣಿದು ಟಕಟಕ ಅನ್ನುತ್ತದೆ. ಹಿಂದೆ ಮುಚ್ಚಿದ ಬ್ಯಾಕ್ ಬಾಕ್ಸ್ ಇರುವ ಸ್ಪೀಕರ್ ಸಿಕ್ಕರೆ ಇನ್ನೂ ಒಳ್ಳೆಯದು, ಸೀಲಿಂಗ್ ಒಳಗೆ ನುಗ್ಗುವ ಸದ್ದೇ ಕಡಿಮೆಯಾಗುತ್ತದೆ.

ಸ್ಪೀಕರ್‌ನ ಕ್ಲ್ಯಾಂಪ್ ಸ್ಕ್ರೂಗಳನ್ನು ಕೊನೆಯಲ್ಲಿ ಕೈಯಲ್ಲೇ ತಿರುಗಿಸಿ. ಡ್ರಿಲ್ ಹಾಕಿ ಬಿಗಿದರೆ ಜಿಪ್ಸಮ್ ಪುಡಿಯಾಗಿ ಹಿಡಿತ ಸಡಿಲವಾಗುತ್ತದೆ. ಆಮೇಲೆ ಗರ್ ಅನ್ನುವುದು ಸ್ಪೀಕರ್‌ನ ಚೌಕಟ್ಟೇ.

ಪರೀಕ್ಷೆಗೆ ಹಾಡು ಸಾಲದು. ಫೋನ್‌ನ ಟೋನ್ ಜನರೇಟರ್ ಆ್ಯಪ್‌ನಲ್ಲಿ 40ರಿಂದ 200 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರಿಸಿ. ವಾಲ್ಯೂಮ್ ಮಿತವಾಗಿರಲಿ. ಗರ್ ಅಂದ ಕಡೆ ನಿಲ್ಲಿಸಿ, ಗ್ರಿಲ್, ಪಕ್ಕದ ಲೈಟ್, ಎಸಿ ಡಿಫ್ಯೂಸರ್ (ಗಾಳಿ ಹೊರಬರುವ ಜಾಲರಿ) ಒಂದೊಂದನ್ನೇ ಅಂಗೈಯಲ್ಲಿ ಒತ್ತಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಡಿಫ್ಯೂಸರ್ ಹಿಂದೆ ಗಾಳಿ ಹೆಚ್ಚು ಕಡಿಮೆ ಮಾಡುವ ಡ್ಯಾಂಪರ್ ರೆಕ್ಕೆಗಳೇ ಹೀಗೆ ಕಳ್ಳರಾಗಿ ಸಿಕ್ಕಿಬೀಳುವುದು ಬಹಳ. ಎಸಿ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಕೇಳಿ. ಹಾಡೇ ಇಲ್ಲದಾಗಲೂ ಸದ್ದು ಬಂದರೆ ಅದು ಎಸಿಯವರ ಕೆಲಸ. ಫ್ಯಾನ್ ಯೂನಿಟ್‌ಗೂ ಡಕ್ಟ್‌ಗೂ ನಡುವೆ ಕ್ಯಾನ್ವಾಸ್ ಜೋಡಣೆ ಇದೆಯಾ ಅಂತ ಅವರನ್ನು ಕೇಳಿ.

ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ಇದ್ದರೆ, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನಲ್ಲಿ ಕ್ರಾಸ್‌ಓವರ್, ಅಂದರೆ ಬೇಸನ್ನು ಬೇರ್ಪಡಿಸುವ ಗಡಿ, 80 ಹರ್ಟ್ಜ್‌ಗೆ ಇಡಿ. ಅದಕ್ಕಿಂತ ಕೆಳಗಿನ ಬೇಸ್ ಬಹುಪಾಲು ನೆಲದ ಮೇಲಿನ ಪೆಟ್ಟಿಗೆಗೆ ಹೋಗುತ್ತದೆ, ಸೀಲಿಂಗ್ ಮೇಲಿನ ಹೊರೆ ಇಳಿಯುತ್ತದೆ.