ಬಳ್ಳಾರಿ ಬಿಸಿಲಲ್ಲಿ ಗ್ಯಾಲಿಯಂ ಮೊನೊಅಯೊಡೈಡ್: ಫ್ಲಾಸ್ಕಿನಲ್ಲಿ ನಿಜಕ್ಕೂ ಇರುವುದೇನು?

ಗ್ಯಾಲಿಯಂ 29.76 °ಸೆ.ಗೆ ಕರಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆಯ ಎ.ಸಿ. ಇಲ್ಲದ ಲ್ಯಾಬಿನಲ್ಲಿ ಅದು ಕಪಾಟಿನಲ್ಲೇ ದ್ರವವಾಗಿರುತ್ತದೆ. ಒಂದು ಗ್ಯಾಲಿಯಂಗೆ ಒಂದು ಅಯೊಡಿನ್ ಎಂಬ ಲೆಕ್ಕದ ಗ್ಯಾಲಿಯಂ ಮೊನೊಅಯೊಡೈಡ್ ಪುಡಿ, +1 ಸ್ಥಿತಿಯ (ಸಾಮಾನ್ಯವಾದ +3ರ ಬದಲು) ಗ್ಯಾಲಿಯಂ ಸಂಯುಕ್ತಗಳಿಗೆ ಮೂಲವಸ್ತು. ಅದನ್ನು ತಯಾರಿಸುವವರಿಗೆ ಇದರಿಂದ ಅನುಕೂಲವೂ ಇದೆ, ತಾಪತ್ರಯವೂ ಇದೆ.

ತಾಪತ್ರಯ ತೂಕ ಮಾಡುವಾಗಲೇ ಶುರು. ದ್ರವ ಗ್ಯಾಲಿಯಂ ಮೇಲೆ ಆಕ್ಸೈಡ್ ಪೊರೆ ಇರುವುದರಿಂದ ಮುಟ್ಟಿದ ಗಾಜಿಗೆಲ್ಲ ಬಳಿದುಕೊಳ್ಳುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ, ಸ್ಟೀಲ್ ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ಬರೀ 25 °ಸೆ.ಗೆ ಇಳಿಸಿದರೆ ಸಾಲದು, ಕರಗುಬಿಂದುವಿಗಿಂತ ಕೆಳಗೂ ಅದು ದ್ರವವಾಗಿಯೇ ಉಳಿಯಬಲ್ಲದು. ಗಟ್ಟಿ ಗ್ಯಾಲಿಯಂನ ಒಂದು ಚೂರು ಹಾಕಿದರೆ ಹೆಪ್ಪುಗಟ್ಟುತ್ತದೆ. ಗಟ್ಟಿಯಾಗುವಾಗ ಸುಮಾರು 3% ಹಿಗ್ಗುವುದರಿಂದ ಗಾಜಿನ ಶೀಶೆ ಬೇಡ, ಪ್ಲಾಸ್ಟಿಕ್ಕೇ ಸರಿ. ಅಲ್ಯೂಮಿನಿಯಂ ಫಾಯಿಲನ್ನು ಹತ್ತಿರಕ್ಕೂ ತರಬೇಡಿ, ಗ್ಯಾಲಿಯಂ ಲೋಹದ ಕಣಗಳ ಸಂದಿಗೆ ಇಳಿದು ಅದನ್ನು ಪುಡಿಪುಡಿ ಮಾಡುತ್ತದೆ.

ಈ ಪುಡಿ ತಯಾರಿಸುವ ವಿಧಾನ 1990ರಲ್ಲಿ ಆಕ್ಸ್‌ಫರ್ಡ್‌ನ ಮಾಲ್ಕಮ್ ಗ್ರೀನ್ ತಂಡ ಪ್ರಕಟಿಸಿದ್ದು. 100 ಮಿ.ಲೀ. ಶ್ಲೆಂಕ್ ಫ್ಲಾಸ್ಕಿಗೆ (ಗಾಳಿ ತಾಗದಂತೆ ಕೆಲಸ ಮಾಡಲು ಪಕ್ಕದಲ್ಲಿ ನಳಿ ಇರುವ ಫ್ಲಾಸ್ಕ್) 1.00 ಗ್ರಾಂ ಗ್ಯಾಲಿಯಂ, 1.82 ಗ್ರಾಂ ಅಯೊಡಿನ್, ಸೋಡಿಯಂ ಮೇಲೆ ಒಣಗಿಸಿ ಬಟ್ಟಿ ಇಳಿಸಿದ 25 ಮಿ.ಲೀ. ಟಾಲೂಯಿನ್ ಹಾಕಿ, ಆರ್ಗಾನ್ ಅಡಿಯಲ್ಲಿ ಸಾನಿಕೇಟರ್ ತೊಟ್ಟಿಯಲ್ಲಿಡಿ (ನೀರಿನ ಮೂಲಕ ಶ್ರವಣಾತೀತ ಶಬ್ದತರಂಗ ಹಾಯಿಸುವ ತೊಟ್ಟಿ). ಅಯೊಡಿನ್ನನ್ನು ಮೊದಲೇ ಉತ್ಪತನ ಮಾಡಿ ಶುದ್ಧ ಮಾಡಿಕೊಂಡಿರಬೇಕು. ವೆಲ್ಡಿಂಗ್ ಅಂಗಡಿಯ ಆರ್ಗಾನ್ ಸುಲಭವಾಗಿ ಸಿಗುತ್ತದೆಂದು ಅದನ್ನೇ ನೇರವಾಗಿ ಕೊಡಬೇಡಿ, 99.999% ಶುದ್ಧತೆಯದ್ದು ಬೇಕು, ಅದನ್ನೂ ತೇವ ಹೀರುವ ಮಾಲಿಕ್ಯುಲರ್ ಸೀವ್ ತುಂಬಿದ ಕೊಳವೆಯ ಮೂಲಕ ಹಾಯಿಸಬೇಕು.

ಅನುಕೂಲ ಇರುವುದು ತೊಟ್ಟಿಯಲ್ಲಿ. ಲೋಹ ಕರಗಿದ್ದರೆ ಮಾತ್ರ ಶಬ್ದತರಂಗ ಅದನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ನೀರು 40 °ಸೆ. ಸುತ್ತಮುತ್ತ ಇರಲಿ, ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಆದರೆ ಸಾನಿಕೇಟರ್ ಓಡಿದಂತೆ ಬಿಸಿ ಏರುತ್ತಲೇ ಹೋಗುತ್ತದೆ. 50 ದಾಟಿದರೆ ಸ್ಟಾಪ್‌ಕಾಕಿನ ಗ್ರೀಸ್ ಮೆತ್ತಗಾಗಿ ಜಾರಿ, ಗಾಳಿ ಒಳನುಗ್ಗುತ್ತದೆ. ಆಗಾಗ ನೀರು ಬದಲಿಸಿ, ಇಲ್ಲವೇ ಐಸ್ ಹಾಕಿ. ಡಿಸೆಂಬರ್ ಬೆಳಗ್ಗೆ ಇದರ ಉಲ್ಟಾ: ತಣ್ಣೀರಲ್ಲಿ ಗಟ್ಟಿ ತುಂಡಿನ ಮೇಲ್ಮೈಯಷ್ಟೇ ವರ್ತಿಸಿ ಕೆಲಸ ನಿಂತುಬಿಡುತ್ತದೆ.

ಅಯೊಡಿನ್ನಿನ ಕಡುಬಣ್ಣ ಹೋಗಿ, ತಿಳಿಹಳದಿ ಬಂದು, ಕೊನೆಗೆ ತಿಳಿಹಸಿರು ಪುಡಿ ಕಾಣುತ್ತದೆ. ಹಸಿರು ಬಂದ ಕೂಡಲೇ ಮುಗಿಯಿತು ಅಂದುಕೊಳ್ಳಬಾರದು. ಫ್ಲಾಸ್ಕನ್ನು ಓರೆ ಮಾಡಿ ಬುಡ ನೋಡಿ. ಅಲ್ಲಿ ಲೋಹದ ಮಣಿ ಹೊರಳಾಡುತ್ತಿದ್ದರೆ ಪುಡಿಯಲ್ಲಿ ಅಯೊಡಿನ್ ಪಾಲು ಹೆಚ್ಚಿದೆ ಎಂದೇ ಅರ್ಥ.

ಗ್ಯಾಲಿಯಂ ಮತ್ತು ಅಯೊಡಿನ್ 1:1 ಎಂಬುದು ಸರಾಸರಿ ಲೆಕ್ಕ ಮಾತ್ರ. 2012ರಲ್ಲಿ ಕೆನಡಾದ ಒಟ್ಟಾವಾದ ಸಂಶೋಧಕರು ಘನಸ್ಥಿತಿ ಗ್ಯಾಲಿಯಂ ಎನ್.ಎಂ.ಆರ್. ಮತ್ತು ಅಯೊಡಿನ್ ಎನ್.ಕ್ಯು.ಆರ್. (ಪರಮಾಣು ಬೀಜದ ಸಂಕೇತದಿಂದ ಅದರ ಸುತ್ತಲಿನ ಪರಿಸರ ಗುರುತಿಸುವ ವಿಧಾನಗಳು) ಬಳಸಿ ಒಳಗಿರುವುದನ್ನು ಬಿಡಿಸಿಟ್ಟರು. ಪೂರ್ತಿಯಾದ ಪುಡಿಯ ಪ್ರತಿ ಆರು ಗ್ಯಾಲಿಯಂನಲ್ಲಿ ಎರಡು ಲೋಹ, ಎರಡು +1 ಅಯಾನು, ಉಳಿದೆರಡು ಪರಸ್ಪರ ಬಂಧ ಕಟ್ಟಿಕೊಂಡು ಆರು ಅಯೊಡೈಡ್ ಹೊತ್ತ +2 ಸ್ಥಿತಿಯ ಜೋಡಿ ಅಯಾನು. ಬೇಗ ನಿಲ್ಲಿಸಿದ ಪುಡಿಯಲ್ಲಿ +1 ಅಯಾನಿನ ಜೊತೆ ಟೆಟ್ರಾಅಯೊಡೊಗ್ಯಾಲೇಟ್ (ಒಂದು +3 ಗ್ಯಾಲಿಯಂಗೆ ನಾಲ್ಕು ಅಯೊಡೈಡ್ ಕಟ್ಟಿದ ಅಯಾನು) ಇರುತ್ತದೆ. ಅಂದರೆ ಶೀಶೆ ಶೀಶೆಗೂ ವಸ್ತುವೇ ಬೇರೆ. ಒಂದೇ ಪ್ರಯೋಗ ಇಬ್ಬರ ಕೈಯಲ್ಲಿ ಎರಡು ಥರ ಬರುವುದಕ್ಕೆ ಇದು ದೊಡ್ಡ ಕಾರಣ.

ಹಾಗಾಗಿ ಬಳಸುವ ಮುನ್ನ ರಾಮನ್ ರೋಹಿತ (ಲೇಸರ್ ಬೆಳಕು ಚದುರುವ ಬಗೆಯಿಂದ ಬಂಧಗಳನ್ನು ಗುರುತಿಸುವ ಪರೀಕ್ಷೆ) ತೆಗೆಯಲೇಬೇಕು. ಆರ್ಗಾನ್ ತುಂಬಿ ಮುಚ್ಚಿದ ಕ್ಯಾಪಿಲರಿಯಲ್ಲಿ, ಲೇಸರ್ ಶಕ್ತಿ ತಗ್ಗಿಸಿ ತೆಗೆಯಿರಿ, ಇಲ್ಲದಿದ್ದರೆ ಬಿಸಿಗೆ ಮಾದರಿ ಕೆಡುತ್ತದೆ. 124 ಸೆಂ.ಮೀ.⁻¹ ಹತ್ತಿರದ ಪಟ್ಟಿ ಜೋಡಿ ಅಯಾನಿನದು, 145ರ ಹತ್ತಿರದ್ದು ಟೆಟ್ರಾಅಯೊಡೊಗ್ಯಾಲೇಟಿನದು. ಎರಡನೆಯದು ಜೋರಾಗಿದ್ದರೆ ಮತ್ತೆ ತೊಟ್ಟಿಗೆ ಇಳಿಸಿ. ಪುಡಿಯ ಎಕ್ಸ್-ರೇ ವಿವರ್ತನೆಯನ್ನು (ಹರಳುಗಳನ್ನು ಶಿಖರಗಳಾಗಿ ತೋರಿಸುವ ಪರೀಕ್ಷೆ) ಲೋಹದ ವಿಷಯದಲ್ಲಿ ನಂಬಬೇಡಿ. 30 ಡಿಗ್ರಿ ದಾಟಿದ ಕೋಣೆಯಲ್ಲಿ ಗ್ಯಾಲಿಯಂ ದ್ರವ, ಅದಕ್ಕೆ ಚೂಪು ಶಿಖರಗಳೇ ಇಲ್ಲ, ಎ.ಸಿ. ಹಾಕಿದರೂ ಸೂಕ್ಷ್ಮ ಹನಿಗಳು ದ್ರವವಾಗಿಯೇ ಉಳಿಯಬಹುದು. ಶಿಖರ ಕಾಣಲಿಲ್ಲ ಅಂದಮಾತ್ರಕ್ಕೆ ಲೋಹ ಇಲ್ಲ ಅನ್ನುವಂತಿಲ್ಲ.

ದ್ರಾವಕದಲ್ಲೂ ಎಚ್ಚರ ಬೇಕು. ಟಿ.ಎಚ್.ಎಫ್. (ಟೆಟ್ರಾಹೈಡ್ರೋಫ್ಯೂರಾನ್), ಈಥರ್‌ನಂಥ ದ್ರಾವಕ ಸೇರಿದರೆ +1 ಸ್ಥಿತಿ ನಿಲ್ಲದೆ ಬೂದು ಲೋಹ ಮತ್ತು ಮೇಲಿನ ಸ್ಥಿತಿಯ ಸಂಯುಕ್ತಗಳಾಗಿ ಒಡೆಯುತ್ತದೆ. ಮೈನಸ್ 78 °ಸೆ.ನಲ್ಲಿ ಟಾಲೂಯಿನ್ ಬಳಸುವುದು ವಾಸಿ.

ಬೀಟಾ-ಡೈಕೀಟಿಮಿನೇಟ್ ಲಿಗ್ಯಾಂಡ್ (ಎರಡು ನೈಟ್ರೋಜನ್‌ಗಳಿಂದ ಲೋಹವನ್ನು ಹಿಡಿಯುವ ಸಾವಯವ ಗುಂಪು) ಕಟ್ಟಿದ +1 ಗ್ಯಾಲಿಯಂ ಸಂಯುಕ್ತವನ್ನು 2000ದಲ್ಲಿ ಫಿಲಿಪ್ ಪವರ್ ತಂಡ ಮಾಡಿದ್ದು ಈ ಪುಡಿಯಿಂದಲೇ, ಜೊತೆಗೆ ಪೊಟ್ಯಾಸಿಯಂ ಕೊಟ್ಟು. ಹರಳಿನ ರಚನೆಯಲ್ಲಿ ಮೊದಲು ನೋಡಬೇಕಾದದ್ದು ಗ್ಯಾಲಿಯಂ-ನೈಟ್ರೋಜನ್ ದೂರ. +1ರಲ್ಲಿ ಅದು 2.05 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ 0.1 ನ್ಯಾನೊಮೀಟರ್) ಆಸುಪಾಸು, ಎರಡು ಹ್ಯಾಲೊಜನ್ ಕಟ್ಟಿದ +3ರ ಡೈಹ್ಯಾಲೈಡಿನಲ್ಲಿ 1.9ರ ಆಸುಪಾಸು. ನಡುವಿನ ಬೆಲೆ ಬಂದರೆ ಎರಡೂ ಒಂದೇ ಹರಳಿನಲ್ಲಿ ಬೆರೆತಿವೆಯೇ ಎಂದು ಅನುಮಾನಿಸಿ. ಗ್ಯಾಲಿಯಂನಿಂದ 2.5 ಆಂಗ್‌ಸ್ಟ್ರಾಂ ದೂರದಲ್ಲಿ ಉಳಿದ ಎಲೆಕ್ಟ್ರಾನ್ ಸಾಂದ್ರತೆ ಕಂಡರೆ ಅದು ಬಹುಮಟ್ಟಿಗೆ ಅಯೊಡಿನ್. ಭಾಗಶಃ ತುಂಬಿದ ಸ್ಥಾನವೆಂದು ಹಾಕಿ ಪರಿಷ್ಕರಿಸಿ ನೋಡಿ. ಹೈಡ್ರೈಡ್ (ಗ್ಯಾಲಿಯಂಗೆ ಕಟ್ಟಿದ ಹೈಡ್ರೋಜನ್) ಮಾತ್ರ ಭಾರದ ಗ್ಯಾಲಿಯಂ ಪಕ್ಕದಲ್ಲಿ ಎಕ್ಸ್-ರೇಗೆ ಸರಿಯಾಗಿ ಸಿಗುವುದಿಲ್ಲ, ಅದಿದ್ದರೆ ಗ್ಯಾಲಿಯಂ +1 ಆಗಿರುವುದಿಲ್ಲ. ಅದೇ ಬ್ಯಾಚಿನ ಹರಳುಗಳ ಐ.ಆರ್. (ಅವಗೆಂಪು) ರೋಹಿತ ತೆಗೆದು, 1850ರಿಂದ 1900 ಸೆಂ.ಮೀ.⁻¹ ನಡುವೆ ಪಟ್ಟಿ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ +1 ಎಂದು ಬರೆಯಿರಿ.